ತೋಕುಜಿಯ ಸ್ಕ್ಯಾನರೂ ಉಮೆನೊ ಅಜ್ಜಿಯ ಮದುವೆ ಫೋಟೋವೂ

ನಮ್ಮ ಕಾಮೆಮಾಚಿ ಅಂಗಡಿಬೀದಿಯಲ್ಲಿ ಗಂಡಸರ ಬಾಯಿ ಜಾರುವುದು ಹೆಂಡದಂಗಡಿಯಲ್ಲಲ್ಲ, ಸಾರ್ವಜನಿಕ ಸ್ನಾನದ ಮನೆಯಲ್ಲಿ. ಹತ್ತು ಜನ ಒಟ್ಟಿಗೆ ಕೂರುವ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ, ತಲೆಯ ಮೇಲೆ ಮಡಿಸಿದ ಟವೆಲ್ ಇಟ್ಟುಕೊಂಡವನಿಗೆ ತಾನು ಸುಮಾರು ಎಲ್ಲವನ್ನೂ ಮಾಡಬಲ್ಲೆ ಅನ್ನಿಸತೊಡಗುತ್ತದೆ. ನೀರಿನಿಂದ ಎದ್ದು ಬಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಆ ಭ್ರಮೆ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಮಾತು ಆಡಿ ಆಗಿರುತ್ತದೆ. ಕೇಳಿದವರು ಆಗಲೇ ಮನೆಗೆ ಹೋಗಿ ಹೆಂಡತಿಯರಿಗೆ ಹೇಳಿಯೂ ಆಗಿರುತ್ತದೆ.

ಕುಬೋತಾ ತೋಕುಜಿಗೆ ಆದದ್ದೂ ಇದೇ. ಆತ ನನ್ನ ಎದುರುಮನೆಯವನು, ಅರವತ್ತಾರು ವರ್ಷ. ಬಸ್ ಡಿಪೋದಲ್ಲಿ ಮೂವತ್ತೆಂಟು ವರ್ಷ ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೋಣೆ ನೋಡಿಕೊಂಡು ನಿವೃತ್ತನಾದವನು. ನಾನು ತತಾಮಿ ಚಾಪೆ ಹೊಲಿಯುವವನು. ಅಂಗಡಿಯ ಬಾಗಿಲಲ್ಲೇ ಕೂತು ಕೆಲಸ ಮಾಡುವುದರಿಂದ ಎದುರುಮನೆಯಲ್ಲಿ ಆಗುವುದೆಲ್ಲ ಕಣ್ಣಿಗೆ ಬೀಳುತ್ತದೆ. ನೋಡಬೇಕೆಂದು ನೋಡುವುದಲ್ಲ.

ಆ ಸಂಜೆ ತೊಟ್ಟಿಯಲ್ಲಿ ಮಾತು ತೆಗೆದವನು ಅಕ್ಕಿ ಅಂಗಡಿಯ ಓಕುಮುರಾ, ನಮ್ಮ ಬೀದಿ ಸಂಘದ ಅಧ್ಯಕ್ಷ.

"ಉಮೆನೊ ಅಜ್ಜಿಗೆ ಬರೋ ತಿಂಗಳು ಎಂಬತ್ತೆಂಟು ತುಂಬುತ್ತೆ. ದೇವಾಲಯದ ಸಭಾಂಗಣದಲ್ಲಿ ಊಟ ಇಟ್ಕೊಳ್ಳೋಣ. ಏನು ಉಡುಗೊರೆ ಬೇಕು ಅಜ್ಜೀ ಅಂತ ಕೇಳ್ದೆ. ಮದುವೆ ಫೋಟೋ ನೋಡ್ಬೇಕು ಅಂದ್ರು."

ಎಲ್ಲರೂ ನಿಟ್ಟುಸಿರಿಟ್ಟೆವು. ಆ ಫೋಟೋದ ಜಗಳ ಬೀದಿಗೇ ಗೊತ್ತು. ಉಮೆನೊ ಅಜ್ಜಿಯದು ಉಪ್ಪಿನಕಾಯಿ ಅಂಗಡಿ. ಅವರ ಗಂಡ ಸೆಯಿಕಿಚಿ ಹೋಗಿ ಮೂವತ್ತು ವರ್ಷವಾಯಿತು. ಆತ ನಕ್ಕಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ. ಗಿರಾಕಿ ನಗೆಚಟಾಕಿ ಹಾರಿಸಿದರೆ ಮೂಲಂಗಿಯ ತೂಕ ಮತ್ತೊಮ್ಮೆ ನೋಡುತ್ತಿದ್ದ. ಆದರೆ ಮದುವೆ ದಿನ ಫೋಟೋ ತೆಗೆಯುವಾಗ ಆತ ನಕ್ಕಿದ್ದ ಎಂದು ಅಜ್ಜಿಯ ವಾದ. ಇಲ್ಲವೆಂದು ಆತನ ತಂಗಿ ಕಾನೆಯ ವಾದ. ಕಾನೆಗೆ ಎಂಬತ್ತೈದು, ಅಜ್ಜಿಯ ಮನೆಯ ಮಹಡಿಯಲ್ಲೇ ವಾಸ. ಹೀಗಾಗಿ ಅರವತ್ತನಾಲ್ಕು ವರ್ಷದಿಂದ ವಾದಕ್ಕೆ ಬಿಡುವಿಲ್ಲ. ಕಾಗದದ ಪ್ರತಿ ಹಳೆಯ ನೆರೆಯಲ್ಲಿ ಕೊಚ್ಚಿಹೋಯಿತು. ಅದು ಇದ್ದಾಗಲೂ ಮುಖ ಕಡಲೆಕಾಳಿನಷ್ಟಿತ್ತು, ನಗುವೋ ಹಲ್ಲುನೋವೋ ತಿಳಿಯುತ್ತಿರಲಿಲ್ಲ. ಕಳೆದ ವರ್ಷ ಮುಚ್ಚಿದ ಸ್ಟುಡಿಯೋ ಕೆಡವಿದಾಗ ಬಿಸ್ಕತ್ತಿನ ಡಬ್ಬದಲ್ಲಿ ಅದರ ನೆಗೆಟಿವ್ ಸಿಕ್ಕಿತು.

"ಅದನ್ನ ದೊಡ್ಡದು ಮಾಡಿಕೊಡೋಕೆ ಪಟ್ಟಣದ ಅಂಗಡಿಯವರು ಎರಡು ತಿಂಗಳು ಬೇಕು ಅಂತಾರೆ," ಎಂದ ಓಕುಮುರಾ. "ಅಜ್ಜಿಯ ಬಲಗಣ್ಣು ಆಗಲೇ ಹೋಗಿದೆ. ಎಡಗಣ್ಣಿಗೆ ಇನ್ನು ಮುಖಗಳು ತಿಳಿಯೋದು ಬೇಸಿಗೆವರೆಗೆ ಅಷ್ಟೆ ಅಂತ ಡಾಕ್ಟ್ರು ಹೇಳಿದಾರೆ. ಅದಕ್ಕೇ ಅವಸರ."

ಆಗ ನೀರಿನ ಹಬೆಯೊಳಗಿಂದ ತೋಕುಜಿಯ ಧ್ವನಿ ಬಂತು.

"ಪಟ್ಟಣ ಯಾಕೆ? ನನ್ನ ಹತ್ರ ಸ್ಕ್ಯಾನರ್ ಇದೆ. ಸೆಯಿಕಿಚಿ ಸಾನ್ ಮುಖದ ಮೇಲೆ ಎಳ್ಳು ಬಿದ್ದಿದ್ರೆ ಎಳ್ಳು ಎಣಿಸ್ಬೋದು, ಹಾಗೆ ತೆಗೆದುಕೊಡ್ತೀನಿ."

ಆ ಸ್ಕ್ಯಾನರನ್ನು ಆತ ಹಳೆ ಸಾಮಾನಿನ ಅಂಗಡಿಯಿಂದ ತಂದಿದ್ದ. ಅದುವರೆಗೆ ಅದರಿಂದ ಹೊರಬಂದಿದ್ದವು ಒಂದು ಔಷಧಿ ಚೀಟಿ ಮತ್ತು, ಗಾಜಿನ ಮೇಲೆ ಬಗ್ಗಿ ಏನೋ ಹುಡುಕುವಾಗ, ಆತನದೇ ಎಡಕಿವಿ.

ಮಾರನೆಯ ದಿನ ಅಜ್ಜಿ ತಾವೇ ನೆಗೆಟಿವ್ ತಂದು ಕೊಟ್ಟರು. ಹಿಂದೆಯೇ ಕಾನೆ.

"ತೋಕು ಚಾನ್," ಎಂದರು ಅಜ್ಜಿ. ದೊಡ್ಡವರಿಗೆ ಸಾನ್, ಮಕ್ಕಳಿಗೆ ಚಾನ್ ಅನ್ನುವುದು ನಮ್ಮ ರೂಢಿ. ಅರವತ್ತಾರರ ಆತ ಅವರಿಗೆ ಇನ್ನೂ ಚಾನ್. "ಅವರು ನಕ್ಕಿದ್ರು. ಯಾಕೆ ನಕ್ಕರು ಅಂತ್ಲೂ ನಂಗೆ ಗೊತ್ತು. ಈಗ ಹೇಳಲ್ಲ. ಹೇಳಿದ್ರೆ ನೀನು ಅದನ್ನೇ ಹುಡುಕ್ತೀಯ. ಆಮೇಲೆ ಕಾನೆ, ನೀವಿಬ್ರೂ ಸೇರ್ಕೊಂಡು ಬರೆದಿದ್ದು ಅಂತಾಳೆ."

"ಅನ್ನದೆ ಬಿಡ್ತೀನಾ?" ಎಂದಳು ಕಾನೆ. "ನಮ್ಮಣ್ಣ ಹುಟ್ಟಿದಾಗ ಅಳಲಿಲ್ಲ, ಹೋಗೋವಾಗ ನಗಲಿಲ್ಲ. ಆ ಫೋಟೋದಲ್ಲಿ ನಕ್ಕಿದ್ರೆ ಊರೆಲ್ಲರ ಮುಂದೆ ಅತ್ತಿಗೆಗೆ ಹಣೆ ನೆಲಕ್ಕಿಟ್ಟು ತಪ್ಪಾಯ್ತು ಅಂತೀನಿ."

"ನೆಲ ಒರೆಸಿಟ್ಟಿರ್ತೀನಿ," ಎಂದರು ಅಜ್ಜಿ.

ಮೊದಲ ವಾರ ಯಂತ್ರದ್ದೇ ಮೇಲುಗೈ. ಗಾಜಿನ ಕೆಳಗೆ ದೀಪ ನಿಧಾನವಾಗಿ ಸರಿಯುವಾಗ ಅದು ಊಂ ಎಂದು ಒಂದೇ ಶ್ರುತಿಯಲ್ಲಿ ರಾಗ ಎಳೆಯುತ್ತಿತ್ತು. ದಿನಾ ಬೆಳಿಗ್ಗೆ ದೇವಾಲಯದಲ್ಲಿ ಸೂತ್ರಪಠಣ ಕೇಳಿ ಬಂದು ಕೂರುವ ನನಗೆ ಎದುರುಮನೆಯಿಂದಲೂ ಅದೇ ಮುಂದುವರಿದಂತೆ ಕೇಳುತ್ತಿತ್ತು, ವ್ಯತ್ಯಾಸವೆಂದರೆ ಇಲ್ಲಿ ಪಠಣದ ಕೊನೆಗೆ ಒಬ್ಬ ಮನುಷ್ಯ "ಥತ್!" ಅನ್ನುತ್ತಿದ್ದ. ಚಿತ್ರ ಬರುತ್ತಿತ್ತು. ಆದರೆ ತೊಟ್ಟಿಯ ಹಬೆಯಲ್ಲಿ ಕೂತ ಇಬ್ಬರನ್ನು ಬಾಗಿಲಲ್ಲಿ ನಿಂತು ನೋಡಿದ ಹಾಗೆ. ತೋಕುಜಿ ಸ್ಕ್ಯಾನರಿನ ಡಬ್ಬದ ಮೇಲೆ ಸೂಕ್ಷ್ಮತೆಯದೆಂದು ಬರೆದಿದ್ದ ಅತಿ ದೊಡ್ಡ ಸಂಖ್ಯೆಗೆ ತಿರುಗಿಸಿದ. ಈಗ ಅದೇ ಹಬೆ ನಾಲ್ಕು ಪಟ್ಟು ದೊಡ್ಡದಾಗಿ ಬಂತು, ಕಂಪ್ಯೂಟರು ಅರ್ಧ ದಿನ ಏಳಲಿಲ್ಲ.

ಕಂಪ್ಯೂಟರಿನಲ್ಲಿ ಚಿತ್ರವನ್ನು ಹರಿತ ಮಾಡುವ ಒಂದು ಗುಂಡಿ ಉಂಟಂತೆ. ಅದನ್ನು ಕೊನೆಯವರೆಗೂ ಎಳೆದು ಒಂದು ಪ್ರತಿ ತೆಗೆದು ಓಕುಮುರಾನಿಗೆ ತೋರಿಸಿದ. ಅಧ್ಯಕ್ಷ ಅದನ್ನು ದೂರ ಹಿಡಿದ, ಹತ್ತಿರ ಹಿಡಿದ.

"ಇದು ಅಜ್ಜಿ. ಪಕ್ಕದಲ್ಲಿ ಯಾಕೆ ಕರಡಿ ನಿಂತಿದೆ?"

"ಕರಡಿ ಅಲ್ಲ, ಸೆಯಿಕಿಚಿ ಸಾನ್. ಹರಿತ ಸ್ವಲ್ಪ ಜಾಸ್ತಿಯಾಗಿದೆ."

"ಹೌದು ಬಿಡಿ. ನಗ್ತಿಲ್ಲ, ಹಾಗಾಗಿ ಅವರೇ."

ದಾರಿ ತೋರಿಸಿದವಳು ಹೆಂಡತಿ ಸುಮಿಯೆ. ಗಂಡ ಬೆಳಿಗ್ಗೆ ಪತ್ರಿಕೆಯನ್ನು ಎರಡು ಕೈಯಲ್ಲೂ ಎತ್ತಿ, ತೋಳು ಚಾಚಿ, ಕತ್ತು ಹಿಂದೆ ಮಾಡಿ ಓದುತ್ತಿದ್ದುದನ್ನು ನೋಡಿ ಸುಮ್ಮನೆ ಅಂದಳು:

"ನಿಮ್ಮ ಆ ಯಂತ್ರಕ್ಕೂ ವಯಸ್ಸಾಗಿರ್ಬೋದು ಕಣ್ರೀ. ಸ್ವಲ್ಪ ದೂರ ಹಿಡಿದು ನೋಡಿ."

ತೋಕುಜಿ ಪತ್ರಿಕೆ ಕೈಬಿಟ್ಟ. ಯಂತ್ರದ ಕಣ್ಣಿಗೂ ಒಂದು ಇಷ್ಟದ ದೂರವಿರಬೇಕು! ನೆಗೆಟಿವ್ ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟು ಗಾಜಿನ ಮೇಲೆ ಪುಟ್ಟ ಪುಟ್ಟ ನಾಲ್ಕು ಕಾಲಿನಲ್ಲಿ ನಿಲ್ಲುತ್ತದೆ. ಆ ಕಾಲಿನ ಕೆಳಗೆ ಏನಾದರೂ ಇಟ್ಟು ಎತ್ತರಿಸುತ್ತ ಹೋದರೆ ಎಲ್ಲೋ ಒಂದು ಕಡೆ ಚಿತ್ರ ಸ್ಪಷ್ಟವಾಗಲೇಬೇಕು. ನಾಲ್ಕು ಕಾಲಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದ ದಪ್ಪ ಬೇಕು. ಅಂಥ ವಸ್ತು ಮನೆಯಲ್ಲಿ ಒಂದೇ ಇತ್ತು: ಸುಮಿಯೆಯ ಹೂವಿನ ಇಸ್ಪೀಟು. ತಿಂಗಳಿಗೊಂದು ಹೂವಿನಂತೆ ಚಿತ್ರ ಬರೆದ, ಕೆಲವಕ್ಕೆ ಹೂವಿನ ಜೊತೆ ಚಂದ್ರನೋ ಕೊಕ್ಕರೆಯೋ ಇರುವ, ಗಟ್ಟಿ ರಟ್ಟಿನ ನಲವತ್ತೆಂಟು ಪುಟ್ಟ ಎಲೆಗಳು.

ಕಾಲಿಗೆ ಒಂದೊಂದು ಎಲೆ ಇಟ್ಟಾಗ ಹಬೆ ಸ್ವಲ್ಪ ಕರಗಿತು. ಎರಡೆರಡು ಇಟ್ಟಾಗ ಅಜ್ಜಿಗೆ ಕಣ್ಣು ಮೂಡಿತು. ಮೂರು ಮೂರಿಟ್ಟಾಗ ಸೆಯಿಕಿಚಿ ಕರಡಿಯಿಂದ ಮನುಷ್ಯನಾದ. ನಾಲ್ಕಕ್ಕೆ ಮತ್ತೆ ಮೊಬ್ಬು. ಮೂರೇ ಸರಿ ಎಂದು ತೋಕುಜಿ ಡಿಪೋದ ಹಳೆ ಪುಸ್ತಕದಲ್ಲಿ ಬರೆದುಕೊಂಡ. ಹನ್ನೆರಡು ಎಲೆಗಳು ಯಂತ್ರದೊಳಗೇ ಉಳಿದವು.

ಸುಮಿಯೆಯ ಗೆಳತಿಯರು ಆಟಕ್ಕೆ ಸೇರುವುದು ಗುರುವಾರ. ಆ ಗುರುವಾರ ಆಟ ಶುರುವಾಗಿ ಅರ್ಧ ಗಂಟೆಯಲ್ಲಿ ಕೂಗು ನನ್ನ ಅಂಗಡಿಗೆ ಕೇಳಿತು.

"ಚಂದ್ರ ಎಲ್ಲಿ? ನಾನು ಚಂದ್ರನಿಗಾಗಿ ಕಾಯ್ತಾ ಇದೀನಿ, ಇನ್ನೂ ಬಂದಿಲ್ಲ!"

"ಕೊಕ್ಕರೆಯೂ ಇಲ್ಲ ಕಣೇ! ಸುಮಿಯೆ, ನಿನ್ನ ಅಂಗಿ ತೋಳಲ್ಲೇನಾದ್ರೂ…"

"ನನ್ನ ತೋಳಲ್ಲಾ? ನಲವತ್ತು ವರ್ಷದಿಂದ ಆಡ್ತಿದೀನಿ, ನನ್ನ ಮೇಲೆ ಕಳ್ಳತನದ ಮಾತಾ?"

ಒಳಕೋಣೆಯಿಂದ ತೋಕುಜಿ ತಲೆ ಹೊರಗೆ ಹಾಕಿದ. "ಸದ್ದು ಮಾಡ್ಬೇಡ್ರೇ, ಯಂತ್ರ ಅಲ್ಲಾಡುತ್ತೆ. ಚಂದ್ರ ಮುಂದಿನ ಎಡಗಾಲ ಕೆಳಗಿದೆ. ಕೊಕ್ಕರೆ ಹಿಂದಿನ ಬಲಗಾಲಿಗೆ. ಈಗ ತೆಗೆಯಕ್ಕಾಗಲ್ಲ."

ಗೆಳತಿಯರು ಹೋದರು. ಸುಮಿಯೆ ಅಂದಿನಿಂದ ಗಂಡನೊಡನೆ ಮಾತು ಬಿಟ್ಟಳು. ಆ ಯಂತ್ರದಿಂದ ಬಂದ ಏನನ್ನೂ ತಾನು ಕಣ್ಣೆತ್ತಿ ನೋಡುವುದಿಲ್ಲವೆಂದು ಬುದ್ಧನ ಪೀಠದ ಮುಂದೆ ಹೇಳಿಕೊಂಡಳು. ಈ ಪ್ರತಿಜ್ಞೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಆಕೆ ಒಂದೇ ಒಂದು ಸಲ ನೋಡಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಇಷ್ಟಾದರೂ ಚಿತ್ರದ ಅಂಚು ಸ್ಪಷ್ಟ, ನಡು ಮೊಬ್ಬು. ಅರವತ್ತನಾಲ್ಕು ವರ್ಷ ಡಬ್ಬದಲ್ಲಿದ್ದ ಫಿಲ್ಮು ಕರಿದ ಹಪ್ಪಳದಂತೆ ಬಾಗಿತ್ತು. ಅದನ್ನು ನೆಟ್ಟಗೆ ಮಾಡಲು ತೋಕುಜಿ ದೇವಾಲಯದ ಗುರುಗಳ ಹತ್ತಿರ ಹೋಗಿ ಅತಿ ದಪ್ಪನೆಯ ಸೂತ್ರಗ್ರಂಥ ಕೇಳಿದ.

"ಓದೋದಕ್ಕಾ?" ಗುರುಗಳ ಮುಖ ಅರಳಿತು.

"ಅಲ್ಲ, ಒತ್ತೋದಕ್ಕೆ."

ಗುರುಗಳು ಕಪಾಟಿನಿಂದ ಗ್ರಂಥ ಇಳಿಸಿದರು. "ಕೊಡ್ತೀನಿ. ಮನುಷ್ಯರನ್ನು ನೆಟ್ಟಗೆ ಮಾಡೋಕೆ ಆ ಪುಸ್ತಕ ಎಷ್ಟೋ ವರ್ಷದಿಂದ ಒದ್ದಾಡ್ತಿದೆ. ಫಿಲ್ಮಾದ್ರೂ ಆಗಲಿ."

ಸೂತ್ರದ ನಡುವೆ ನೆಗೆಟಿವ್ ಇಟ್ಟು, ಮೇಲೆ ಅಜ್ಜಿಯ ಅಂಗಡಿಯಿಂದ ತಂದ ಮೂಲಂಗಿ ಒತ್ತುವ ಕಲ್ಲು ಹೇರಿ ಐದು ದಿನ ಬಿಟ್ಟ. ಮುಕ್ಕಾಲು ಬಾಗು ಹೋಯಿತು. ಉಳಿದ ಕಾಲು ಬಾಗಿಗೆ ಆತನೇ ಉಪಾಯ ಹುಡುಕಿದ. ಫಿಲ್ಮಿಗೆ ಒಂದು ಮೈ ಹೊಳಪು, ಒಂದು ಮೈ ಮಂಕು. ಹೊಳಪು ಮೈ ಗಾಜಿನ ಕಡೆಗಿರಲಿ ಎಂದು ಯಂತ್ರದ ಪುಸ್ತಕದಲ್ಲಿತ್ತು. ತೋಕುಜಿ ಫಿಲ್ಮನ್ನು ಮಗುಚಿ ಮಂಕು ಮೈ ಕೆಳಗೆ ಮಾಡಿದ. ಬಾಗು ತಿರುಗಿತು, ನಡುಭಾಗ ಸರಿಯಾಗಿ ಮೂರೆಲೆಯ ಎತ್ತರಕ್ಕೆ ಬಂದು ನಿಂತಿತು.

ಯಂತ್ರ ರಾಗ ಎಳೆಯಿತು. ಈ ಸಲ ಕೊನೆಗೆ "ಥತ್" ಬರಲಿಲ್ಲ. ನಾನು ಸೂಜಿ ಬಿಟ್ಟು ಎದ್ದು ನಿಂತೆ.

"ಬನ್ರೀ, ಬನ್ರೀ!" ಎಂದು ಕರೆದ. ಹೋಗಿ ನೋಡಿದೆ. ಪರದೆಯ ತುಂಬ ಒಂದು ರೆಪ್ಪೆಕೂದಲು. ಆತ ಬೆರಳಾಡಿಸಿದ. ಪರದೆಯ ತುಂಬ ಒಂದು ನೂಲು. ಆಹಾ ಎಂದೆ. ಪೂರ್ತಿ ಚಿತ್ರವನ್ನು ಆತ ನನಗೆ ತೋರಿಸಲಿಲ್ಲ, ತಾನೂ ನೋಡಿಕೊಳ್ಳಲಿಲ್ಲ. ಮೂರು ವಾರ ಚುಕ್ಕಿಗಳನ್ನೇ ನೋಡಿದವನಿಗೆ ಚಿತ್ರದ ಅಭ್ಯಾಸ ತಪ್ಪಿಹೋಗಿತ್ತು.

"ಬಿಳಿ ಚುಕ್ಕಿ ಬಂದ್ರೆ ಧೂಳು. ಊದಿದ್ರೆ ಹೋಗುತ್ತೆ," ಎಂದು ವಿವರಿಸಿದ. "ಆದ್ರೆ ಇಲ್ಲಿ, ಸೆಯಿಕಿಚಿ ಸಾನ್ ಬಾಯಿ ಹತ್ರ ಒಂದು ಕರಿ ಚುಕ್ಕಿ ಇದೆ ನೋಡಿ. ಊದಿದೆ, ಒರೆಸಿದೆ, ಹೋಗಲ್ಲ. ಫಿಲ್ಮೇ ತೂತಾಗಿದೆಯೋ ಏನೋ. ಕಂಪ್ಯೂಟರಲ್ಲೇ ಅಳಿಸಿಬಿಡ್ತೀನಿ."

ಅಳಿಸಲು ಸಮಯವಾಗಲಿಲ್ಲ. ಕರೆಯೋಲೆ ಹಂಚುವ ದಿನ ಬಂದುಬಿಟ್ಟಿತ್ತು, ಆ ಭಾರವನ್ನೂ ಹೆಮ್ಮೆಯಲ್ಲಿ ತಾನೇ ಹೊತ್ತಿದ್ದ. ತನ್ನ ಚಿತ್ರವನ್ನೇ ಕಾರ್ಡಿಗೆ ಹಾಕಿದ. ಒಂದು ಕೂದಲೆಳೆಯಷ್ಟನ್ನೂ ಕತ್ತರಿಸಿಲ್ಲವೆಂದು ಎಲ್ಲರಿಗೂ ಗೊತ್ತಾಗಲಿ ಎಂದು ಫಿಲ್ಮಿನ ಅಂಚನ್ನೂ ಬಿಟ್ಟಿದ್ದ. ಖಾಲಿ ಅಂಚು ಚಿತ್ರದ ಸುತ್ತ ಕಪ್ಪು ಪಟ್ಟಿಯಾಗಿ ಬಂದಿತ್ತು. ಕೆಳಗೆ ಒಕ್ಕಣೆ. "ಕರಿ ಕೊಡೆ, ಒಂದು, ಹಿಡಿ ಮುರಿದಿದೆ" ಎಂದು ಮೂವತ್ತೆಂಟು ವರ್ಷ ಬರೆದ ಕೈಯದು:

"ಒಗಾತಾ ಉಮೆನೊ. ಎಂಬತ್ತೆಂಟು ವರ್ಷ. ಭಾನುವಾರ ಬೆಳಿಗ್ಗೆ ಹನ್ನೊಂದು. ದೇವಾಲಯದ ಸಭಾಂಗಣ."

ಶುಕ್ರವಾರ ಬೆಳಿಗ್ಗೆ ಅರವತ್ತು ಮನೆಗಳ ಅಂಚೆಡಬ್ಬಿಗೆ ತಾನೇ ಹಾಕಿ ಬಂದ.

ನಾನು ಕಾರ್ಡು ತೆರೆದು ನೋಡಿದೆ. ಕೈಯಿಂದ ಸೂಜಿ ಬಿತ್ತು.

ಬದುಕಿರುವವರು ಕಿಮೋನೊ ಉಡುವಾಗ ಬಲ ಸೆರಗನ್ನು ಒಳಗೆ ಹಾಕಿ ಎಡ ಸೆರಗನ್ನು ಮೇಲೆ ತರುತ್ತೇವೆ. ಅದು ತಿರುಗುಮುರುಗಾಗುವುದು ಒಂದೇ ಒಂದು ಸಲ, ನಮ್ಮನ್ನು ಬೇರೆಯವರು ಕೊನೆಯ ಸಲ ಉಡಿಸಿ ಮಲಗಿಸುವಾಗ. ಮೂರು ವರ್ಷದ ಮಗು ಎಡವಟ್ಟಾಗಿ ಸುತ್ತಿಕೊಂಡರೂ ತಾಯಿ ಓಡಿಬಂದು ಬಿಚ್ಚುತ್ತಾಳೆ. ಈ ಕಾರ್ಡಿನಲ್ಲಿ, ಸಾವಿನ ಓಲೆಗಿರುವಂಥ ಕಪ್ಪು ಅಂಚಿನ ನಡುವೆ, ಉಮೆನೊ ಅಜ್ಜಿಯೂ ತೀರಿಹೋದ ಅವರ ಗಂಡನೂ ಬಲ ಸೆರಗು ಮೇಲೆ ಮಾಡಿಕೊಂಡು, ಒಂದು ರೆಪ್ಪೆಕೂದಲೂ ಮೊಬ್ಬಿಲ್ಲದೆ, ಅಕ್ಕಪಕ್ಕ ನಿಂತಿದ್ದರು. ಆ ಸೆರಗು ಕಂಡ ಮೇಲೆ ಮುಖಗಳನ್ನು ದಿಟ್ಟಿಸಲು ಯಾರಿಗೂ ಮನಸ್ಸಾಗಲಿಲ್ಲ.

ಎದ್ದು ಉಪ್ಪಿನಕಾಯಿ ಅಂಗಡಿಯತ್ತ ನೋಡಿದೆ. ಷಟರ್ ಎಳೆದಿತ್ತು. ಅಜ್ಜಿಯೂ ಕಾನೆಯೂ ಬುಧವಾರವೇ ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿದ್ದರು. ಭಾನುವಾರ ನೇರ ಸಭಾಂಗಣಕ್ಕೇ ಬರುವುದೆಂದು ಮಾತಾಗಿತ್ತು. ಬುಗ್ಗೆಯ ನೀರು ವಯಸ್ಸಾದ ಎದೆಗೆ ಆಗುವುದಿಲ್ಲ ಎಂದು ನನಗೆ ಆಗ ನೆನಪಾಯಿತು. ಒಳಗೆ ಹೋಗಿ ಜಪಮಾಲೆ ಹುಡುಕಿದೆ.

ಯಾರಾದರೂ ತೋಕುಜಿಯನ್ನು ನೆಟ್ಟಗೆ ಕೇಳಬಹುದಿತ್ತಲ್ಲ, ಅನ್ನಬಹುದು. ನಮ್ಮ ಬೀದಿಯಲ್ಲಿ ಸಾವನ್ನು ಯಾರೂ ನೆಟ್ಟಗೆ ಕೇಳುವುದಿಲ್ಲ. ಆ ಪದವನ್ನೇ ಎತ್ತುವುದಿಲ್ಲ. ಅದರ ಸುತ್ತ ಮೆಲ್ಲಗೆ ಒಂದು ಪ್ರದಕ್ಷಿಣೆ ಬಂದು, ತಲೆ ಬಗ್ಗಿಸಿ, ಮನೆಗೆ ಹೋಗುತ್ತೇವೆ. ಓಕುಮುರಾ ಮಾಡಿದ್ದೂ ಅದನ್ನೇ. ಶನಿವಾರ ಬೆಳಿಗ್ಗೆ ತೋಕುಜಿಯ ಬಾಗಿಲಲ್ಲಿ ನಿಂತು ಸೊಂಟ ಬಗ್ಗುವಷ್ಟು ಬಗ್ಗಿದ.

"ತೋಕುಜಿ ಸಾನ್, ಕಾರ್ಡು ನೋಡಿದೆ. ಎಲ್ಲಾ ನೀವೊಬ್ರೇ ಹೊತ್ಕೊಂಡ್ರಿ."

ಮೆಚ್ಚುಗೆಗಾಗಿ ಒಂದು ದಿನದಿಂದ ಕಾದಿದ್ದ ತೋಕುಜಿ ಅದಕ್ಕಿಂತಲೂ ಕೆಳಗೆ ಬಗ್ಗಿದ. "ಮೂರು ವಾರ ತುಂಬಾ ಕಷ್ಟ ಆಯ್ತು. ಆದ್ರೆ ಕೊನೇಲಿ ಎಲ್ಲಾ ಸಲೀಸಾಗಿ ಆಗ್ಹೋಯ್ತು."

"ಮೂರು ವಾರ!" ಓಕುಮುರಾ ಕರವಸ್ತ್ರ ತೆಗೆದ. "ನಮಗೆ ಗೊತ್ತೇ ಆಗಲಿಲ್ಲ. ಊಟಕ್ಕೆ ಇಟ್ಟುಕೊಂಡ ದಿನವನ್ನೇ ಉಳಿಸಿಕೊಂಡಿರಲ್ಲ, ಅದು ಒಳ್ಳೇದಾಯ್ತು. ಸಭಾಂಗಣ ಹೇಗೂ ಗೊತ್ತು ಮಾಡಿತ್ತು. ನಾನು ಹೂವಿನಂಗಡಿಗೆ ಹೇಳ್ತೀನಿ."

"ಬಿಳಿ ಸೇವಂತಿಗೆ ಹೇಳಿ," ಎಂದ ತೋಕುಜಿ. "ಕಪ್ಪು ಬಿಳುಪು ಚಿತ್ರದ ಪಕ್ಕ ಚೆನ್ನಾಗಿ ಕಾಣುತ್ತೆ."

ಬಿಳಿ ಸೇವಂತಿಗೆ ನಮ್ಮಲ್ಲಿ ಸಾವಿನ ಮನೆಯ ಹೂವು. ಅಲ್ಲಿಗೆ ಯಾರ ಮನಸ್ಸಿನಲ್ಲೂ ಸಂಶಯ ಉಳಿಯಲಿಲ್ಲ. ಬಿಡಿಸಿ ಹೇಳಬಲ್ಲ ಗುರುಗಳು ಮೂಲಮಠಕ್ಕೆ ಹೋಗಿದ್ದವರು ಭಾನುವಾರದವರೆಗೆ ಬರುವಂತಿರಲಿಲ್ಲ. ಯಂತ್ರದಿಂದ ಬಂದದ್ದನ್ನು ನೋಡುವುದಿಲ್ಲವೆಂದ ಸುಮಿಯೆಗೆ ಸುದ್ದಿ ಮೀನಿನಂಗಡಿಯಲ್ಲಿ ಸಿಕ್ಕಿತು. ಆಕೆ ಅಳುತ್ತಾ ಬಂದು, ಮಾತಾಡದೆ, ಗಂಡನ ಕರಿ ಸೂಟು ತೆಗೆದು ಇಸ್ತ್ರಿ ಮಾಡಿಟ್ಟಳು. ತನ್ನ ಶ್ರಮಕ್ಕೆ ಹೆಂಡತಿಯ ಮನಸ್ಸೂ ಕರಗಿತೆಂದು ತೋಕುಜಿಗೆ ಕಣ್ಣು ತುಂಬಿತು.

ಭಾನುವಾರ ಹನ್ನೊಂದಕ್ಕೆ ಸಭಾಂಗಣ ಕಪ್ಪು ಬಟ್ಟೆಯಿಂದ ತುಂಬಿತ್ತು. ಎದುರಿಗೆ ಆಳೆತ್ತರದ ಚಿತ್ರ, ಎರಡೂ ಕಡೆ ಬಿಳಿ ಸೇವಂತಿಗೆಯ ರಾಶಿ. ಯಾರೋ ಧೂಪದ ಬಟ್ಟಲನ್ನೂ ತಂದಿಟ್ಟಿದ್ದರು. ಬಾಗಿಲ ಬಳಿಯ ಮೇಜಿನ ಮೇಲೆ ಕಪ್ಪು ಬಿಳಿ ದಾರ ಕಟ್ಟಿದ ಸಂತಾಪದ ಲಕೋಟೆಗಳು. ತೋಕುಜಿ ಚಿತ್ರದ ಪಕ್ಕ ಕರಿ ಸೂಟಿನಲ್ಲಿ ನಿಂತು, ಬಂದವರು ಚಿತ್ರ ನೋಡಿ ಅಳುವುದನ್ನು ನೋಡಿ ನೋಡಿ ಅರಳುತ್ತಿದ್ದ. "ಇಷ್ಟೊಂದು ಪರಿಣಾಮ ನಾನೂ ಎಣಿಸಿರಲಿಲ್ಲ," ಎಂದು ನನ್ನ ಕಿವಿಯಲ್ಲಿ ಅಂದ.

ಆಗ ಬಾಗಿಲಲ್ಲಿ ಉಮೆನೊ ಅಜ್ಜಿ ಕಾಣಿಸಿಕೊಂಡರು. ಎಂಬತ್ತೆಂಟು ತುಂಬಿದವರು ಹಾಕುವ ಹಳದಿ ಬಣ್ಣದ ತೋಳಿಲ್ಲದ ಅಂಗಿ, ಹಳದಿ ಟೋಪಿ, ಬುಗ್ಗೆಯ ನೀರಿನಲ್ಲಿ ಮಿಂದು ಕೆಂಪಾದ ಕೆನ್ನೆ. ಹಿಂದೆ ಕಾನೆ.

ಅರವತ್ತು ಜನ ಎರಡು ಕಡೆ ಸರಿದು ದಾರಿ ಬಿಟ್ಟೆವು. ಓಕುಮುರಾ ಮೆಲ್ಲಗೆ ಒಂದು ಕಂಬದ ಹಿಂದೆ ಸರಿದ.

ಅಜ್ಜಿ ಒಂದೇ ಕಣ್ಣನ್ನು ಕಿರಿದು ಮಾಡಿ ಸುತ್ತ ನೋಡಿದರು. "ಕಾನೆ, ಎಲ್ಲಾ ಕಪ್ಪಗೆ ಕಾಣ್ತಿದೆ. ನನ್ನ ಕಣ್ಣು ಪೂರ್ತಿ ಹೋಯ್ತಾ?"

"ಇಲ್ಲ ಅತ್ತಿಗೆ, ಎಲ್ಲಾ ಕಪ್ಪೇ ಹಾಕ್ಕೊಂಡಿದಾರೆ. ಯಾರೋ ಹೋಗಿದಾರೆ ಅನ್ಸುತ್ತೆ."

"ನನ್ನ ಊಟದ ದಿನವೇ? ಯಾರಿಗಪ್ಪಾ ಇಷ್ಟು ಅವಸರ?"

ಅಜ್ಜಿಯೂ ನಮ್ಮ ಬೀದಿಯವರೇ. ಯಾರೆಂದು ಕೇಳಲಿಲ್ಲ. ಹಳದಿ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಸೇವಂತಿಗೆಯ ವಾಸನೆ ಹಿಡಿದು ಮುಂದೆ ನಡೆದರು. ಧೂಪದ ಬಟ್ಟಲಿನಲ್ಲಿ ಕಡ್ಡಿ ಹಚ್ಚಿ ತಮ್ಮದೇ ಚಿತ್ರದ ಮುಂದೆ ಕೈಮುಗಿದರು.

"ಒಳ್ಳೇ ಜೀವ," ಎಂದರು. "ಇಷ್ಟು ಜನ ಬಂದಿದಾರೆ ಅಂದ್ಮೇಲೆ ಒಳ್ಳೇ ಜೀವವೇ ಇರಬೇಕು."

ಕಾನೆ ಚಿತ್ರವನ್ನು ನೋಡಿದಳು. ಅತ್ತಿಗೆಯನ್ನು ನೋಡಿದಳು. ಮತ್ತೆ ಚಿತ್ರವನ್ನು ನೋಡಿದಳು.

"ಅತ್ತಿಗೆ, ಹೊಗಳಿದ್ದು ಸಾಕು. ಇದು ನೀವೇ."

ಮುಂದಿನ ಐದು ನಿಮಿಷ ಯಾರು ಯಾರಿಗೆ ಏನು ಹೇಳಿದರೆಂದು ನನಗೆ ಗೊತ್ತಿಲ್ಲ. ಸುಮಿಯೆಯ ಮಾತು ಮಾತ್ರ ಎಲ್ಲರ ಮೇಲೂ ಕೇಳುತ್ತಿತ್ತು. "ನನ್ನ ಚಂದ್ರನನ್ನ ಕಾಲಡಿ ಹಾಕಿ ಮಾಡಿದ್ದು ಇದೇನಾ? ಬದುಕಿರೋ ಅಜ್ಜೀನ ಕೊಂದಿದ್ದು!" ತೋಕುಜಿ ತಿರುಗಿದ. ಮೂರು ವಾರದಲ್ಲಿ ಮೊದಲ ಸಲ ಚುಕ್ಕಿ ಬಿಟ್ಟು ಚಿತ್ರ ನೋಡಿದ, ಸೇವಂತಿಗೆಗಿಂತ ಬೆಳ್ಳಗಾದ.

ಅಷ್ಟರಲ್ಲಿ ಮೂಲಮಠದಿಂದ ಬಂದ ಗುರುಗಳು ಒಳಗೆ ಬಂದವರೇ ಚಿತ್ರದ ಮುಂದೆ ನಿಂತು ತಲೆ ವಾರೆ ಮಾಡಿದರು. "ತೋಕುಜಿ ಸಾನ್, ಫಿಲ್ಮು ಮಗುಚಿ ಹಾಕಿದ್ರಾ?"

"ಹ… ಹೌದು. ಹಾಗೆ ಹಾಕಿದ್ರೇ ಸ್ಪಷ್ಟ."

"ಆಮೇಲೆ ಕಂಪ್ಯೂಟರಲ್ಲಿ ಎಡಬಲ ತಿರುಗಿಸಲಿಲ್ವಾ?"

ತೋಕುಜಿ ನೆಲದ ಮೇಲೆ ಕೂತುಬಿಟ್ಟ.

ನಕ್ಕವರಲ್ಲಿ ಮೊದಲಿಗರು ಅಜ್ಜಿಯೇ. ಆದರೆ ಅವರ ನಗು ಬೇಗ ನಿಂತಿತು. ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿದ್ದರು. ಅಲ್ಲಿ ಬಾಯಿ ತೆರೆದ ಒಂದು ಮುಖವಿತ್ತು.

"ಕಾನೆ. ನೋಡು. ಹಲ್ಲು."

ಕಾನೆ ನೋಡಿದಳು. ನಾವೂ ನೋಡಿದೆವು. ಸಂಶಯವೇ ಇಲ್ಲ, ಮದುಮಗ ನಗುತ್ತಿದ್ದ. ಆದರೆ ಕಾನೆ ಅಷ್ಟಕ್ಕೆ ಬಗ್ಗುವವಳಲ್ಲ.

"ಇದು ನಮ್ಮಣ್ಣನೇ ಅಲ್ಲ. ಅಣ್ಣನ ಮಚ್ಚೆ ಎಡಗೆನ್ನೆಯಲ್ಲಿತ್ತು. ಇವನದು ಬಲಗೆನ್ನೆಯಲ್ಲಿದೆ. ನಗ್ತಾ ಬೇರೆ ಇದಾನೆ. ಯಾರೋ ಬೇರೆಯವರು."

"ಬೇರೆಯವರ ಪಕ್ಕದಲ್ಲಿ ಮದುಮಗಳಾಗಿ ನಾನ್ಯಾಕೆ ನಿಂತ್ಕೋತೀನಿ?"

"ಅದನ್ನ ನೀವೇ ಹೇಳ್ಬೇಕು ಅತ್ತಿಗೆ!"

"ಮನೆಗೆ ಹೋಗಿ ತಿರುಗಿಸಿ ತರ್ತೀನಿ," ಎಂದು ತೋಕುಜಿ ನೆಲದಿಂದಲೇ ಅಂದ. "ಒಂದೇ ಗಂಟೆ!"

"ಅರವತ್ನಾಲ್ಕು ವರ್ಷ ಕಾದಿದೀನಿ ತೋಕು ಚಾನ್. ಇನ್ನೊಂದು ಗಂಟೆ ನನ್ನ ಕೈಲಾಗಲ್ಲ," ಎಂದರು ಅಜ್ಜಿ. "ಸುಮಿಯೆ, ನಿನ್ನ ಚೀಲದಲ್ಲಿ ಕನ್ನಡಿ ಇದೆಯೇನೇ?"

ಸುಮಿಯೆ ಕೈಗನ್ನಡಿ ಕೊಟ್ಟಳು. ಅಜ್ಜಿ ಚಿತ್ರಕ್ಕೆ ಬೆನ್ನು ಮಾಡಿ ಕೂತರು. ಹೆಗಲ ಮೇಲಿನಿಂದ ಕಾಣುವಂತೆ ಕನ್ನಡಿಯನ್ನು ಓರೆ ಹಿಡಿದು, ಒಂದೇ ಕಣ್ಣಿಗೆ ಹೊಂದುವ ದೂರ ಹುಡುಕಿದರು. ಸ್ವಲ್ಪ ಹತ್ತಿರ, ಸ್ವಲ್ಪ ದೂರ, ಮತ್ತೆ ಸ್ವಲ್ಪ ಹತ್ತಿರ. ಕೈ ನಿಂತಿತು.

ಕನ್ನಡಿಯಲ್ಲಿ ಎಲ್ಲ ಸರಿಯಾಗಿತ್ತು. ಎಡ ಸೆರಗು ಮೇಲೆ, ಮಚ್ಚೆ ಎಡಗೆನ್ನೆಯಲ್ಲಿ. ಎಂಬತ್ತೆಂಟರ ಅಜ್ಜಿಯ ಮುಖದ ಪಕ್ಕದಲ್ಲೇ ಇಪ್ಪತ್ತೇಳರ ಗಂಡ, ಹೆಗಲ ಮೇಲಿನಿಂದ ಇಣುಕುತ್ತಿರುವಂತೆ.

"ಇದೆ," ಎಂದರು ಅಜ್ಜಿ, ಬಹಳ ಮೆಲ್ಲಗೆ. "ಎಳ್ಳು ಇದೆ."

ಯಾರಿಗೂ ಅರ್ಥವಾಗಲಿಲ್ಲ. ನನ್ನ ಪಕ್ಕದಲ್ಲಿ ತೋಕುಜಿ ಮಾತ್ರ ಬೆಚ್ಚಿಬಿದ್ದ.

"ಆವತ್ತು ಕೆಂಪು ಕಾಳಿನ ಅನ್ನ, ಮೇಲೆ ಕರಿ ಎಳ್ಳು. ಅವರು ಗಡಿಬಿಡಿಯಲ್ಲಿ ಎರಡು ತುತ್ತು ನುಂಗಿ ಬಂದು ನಿಂತ್ರು. ನಾನು ಅವರ ಜೊತೆ ಅದುವರೆಗೆ ಒಂದು ಮಾತೂ ಆಡಿರಲಿಲ್ಲ. ಫೋಟೋದವನು ಬಟ್ಟೆಯೊಳಗೆ ತಲೆ ಹಾಕಿದಾಗ ಮೆಲ್ಲಗೆ, 'ನಿಮ್ಮ ಮುಂದಿನ ಹಲ್ಲಲ್ಲಿ ಎಳ್ಳಿದೆ' ಅಂದೆ. ಅದೇ ನನ್ನ ಮೊದಲನೇ ಮಾತು. ಮುಚ್ಕೊಳ್ಳೋಕೆ ಹೋಗಿ ಮುಚ್ಕೊಳ್ಳಕ್ಕಾಗದೆ ನಕ್ಕುಬಿಟ್ರು. ಯಾರಿಗೂ ಹೇಳ್ಬೇಡ ಅಂತ ಆಮೇಲೆ ಆಣೆ ಹಾಕಿಸಿದ್ರು. ಹೇಳಿರಲಿಲ್ಲ."

ಕಾನೆ ಕನ್ನಡಿ ಕಿತ್ತುಕೊಂಡಳು. ಅತ್ತಿಗೆಯ ಹಾಗೆಯೇ ಬೆನ್ನು ಮಾಡಿ ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಿ ಕೆಳಗಿಟ್ಟು, ಅತ್ತಿಗೆಯ ಕಡೆ ತಿರುಗಿ, ಹೇಳಿದ ಮಾತಿನಂತೆ ಹಣೆಯನ್ನು ಚಾಪೆಗೆ ಮುಟ್ಟಿಸಿದಳು.

"ತಪ್ಪಾಯ್ತು ಅತ್ತಿಗೆ. ಅಣ್ಣ ನಕ್ಕಿದಾನೆ." ಹಣೆ ಎತ್ತದೆಯೇ ಸೇರಿಸಿದಳು: "ಆದ್ರೆ ಬಾಯಿ ಮುಕ್ಕಳಿಸಿಲ್ಲ."

"ಆ ಚುಕ್ಕಿ," ಎಂದ ತೋಕುಜಿ ನನ್ನ ತೋಳು ಹಿಡಿದು, ಧ್ವನಿಯೇ ಇಲ್ಲದೆ. "ಅದನ್ನ ಅಳಿಸೋದಿತ್ತು. ಸಮಯ ಆಗಲಿಲ್ಲ."

ಊಟ ಬಂತು. ಕೆಂಪು ಕಾಳಿನ ಅನ್ನ, ಮೇಲೆ ಕರಿ ಎಳ್ಳು. ಸಂತಾಪದ ಲಕೋಟೆಗಳನ್ನು ಎಲ್ಲರೂ ಕಳ್ಳರಂತೆ ವಾಪಸು ಜೇಬಿಗೆ ಹಾಕಿಕೊಂಡರು. ಊಟವಾದ ಮೇಲೆ ಓಕುಮುರಾ ಕ್ಯಾಮೆರಾ ತಂದು ಎಲ್ಲರನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿದ. ಕರಿ ಬಟ್ಟೆಯ ಅರವತ್ತು ಜನ, ನಡುವೆ ಹಳದಿ ಟೋಪಿಯ ಅಜ್ಜಿ, ಪಕ್ಕದಲ್ಲಿ ಅಣ್ಣನ ಮುಖವನ್ನೇ ಹೊತ್ತ ಹಾಗೆ ಬಿಗಿದುಕೊಂಡ ಕಾನೆ.

"ಎಲ್ಲಾ ಇಲ್ಲಿ ನೋಡಿ. ಒಂದು, ಎರಡು…"

ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ಕಾನೆಯ ಕಡೆ ಬಾಗಿದರು.

"ಕಾನೆ, ಮುಂದಿನ ಹಲ್ಲಲ್ಲಿ ಎಳ್ಳಿದೆ."

ಎಂಬತ್ತೈದು ವರ್ಷದ ಆ ಮುಖ ಮುಚ್ಚಿಕೊಳ್ಳಲು ಹೋಯಿತು, ಆಗಲಿಲ್ಲ. ಕಾನೆ ನಕ್ಕಿದ್ದನ್ನು ನೋಡಿ ಬೀದಿಗೆ ಬೀದಿಯೇ ನಕ್ಕಿತು. ಕ್ಯಾಮೆರಾ ಹಿಡಿದ ಓಕುಮುರಾನೂ ನಕ್ಕುಬಿಟ್ಟ.

ಆ ಫೋಟೋವನ್ನು ಸಂಘದ ಕಚೇರಿಯಲ್ಲಿ ಚೌಕಟ್ಟು ಹಾಕಿ ತೂಗಿದ್ದಾರೆ. ಓಕುಮುರಾನ ಕೈ ಅಲ್ಲಾಡಿದ್ದರಿಂದ ಅದು ಸ್ನಾನದ ತೊಟ್ಟಿಯ ಹಬೆಯಂತೆ ಪೂರ್ತಿ ಮೊಬ್ಬಾಗಿದೆ. ಯಾರದು ಯಾವ ಮುಖವೆಂದು ತಿಳಿಯುವುದಿಲ್ಲ. ಬಾಯಿಗಳು ಮಾತ್ರ ಕಾಣುತ್ತವೆ. ಮೊನ್ನೆ ತೊಟ್ಟಿಯಲ್ಲಿ ಕೂತಾಗ ತೋಕುಜಿ ತಲೆಯ ಮೇಲಿನ ಟವೆಲ್ ಸರಿಮಾಡಿಕೊಂಡು, "ಅದನ್ನ ಸ್ವಲ್ಪ ಸ್ಪಷ್ಟ…" ಎಂದು ಶುರುಮಾಡಿದ.

ಮಾತು ಮುಗಿಸಲು ನಾವು ಬಿಡಲಿಲ್ಲ. ಉಳಿದ ಒಂಬತ್ತೂ ಜನ ಸೇರಿ ಆತನನ್ನು ನೀರಿನೊಳಗೆ ಅದ್ದಿದೆವು.